ಭಯದ ಮೊದಲ ಎರಡು ನಿಮಿಷ: ವಿದ್ಯಾರ್ಥಿ ಚಿತ್ರಗಳ ಆರಂಭ ಮತ್ತು ಭಯಾನಕ ರಸ

ಭಯಾನಕ ಚಿತ್ರವೊಂದರ ಆರಂಭವನ್ನಷ್ಟೇ ರಚಿಸಿ ತೋರಿಸುವ ಅಭ್ಯಾಸ ಚಲನಚಿತ್ರ ಶಿಕ್ಷಣದಲ್ಲಿ ಹಲವೆಡೆ ಬೇರೂರಿದೆ. ಇಂಗ್ಲೆಂಡಿನ ಶಾಲಾ ಹಂತದ ಮಾಧ್ಯಮ ಅಧ್ಯಯನದ ಪಠ್ಯಕ್ರಮವೊಂದರಲ್ಲಿ, ಹೊಸ ಕಥಾಚಿತ್ರವೊಂದರ ಶೀರ್ಷಿಕೆಗಳನ್ನೂ ಆರಂಭವನ್ನೂ ಎರಡು ನಿಮಿಷ ಮೀರದಂತೆ ತಯಾರಿಸಬೇಕೆಂಬ ನಿಯಮವೇ ಈ ಶತಮಾನದ ಆದಿಯಲ್ಲಿ ಕೆಲವು ವರ್ಷ ಜಾರಿಯಲ್ಲಿತ್ತು. ನಮ್ಮ ದೇಶದ ಸಂವಹನ ವಿಭಾಗಗಳಲ್ಲಿಯೂ ಇಂಥ ಅಭ್ಯಾಸಗಳು ನಡೆಯುತ್ತಿವೆ. ಮಧ್ಯಕಾಲೀನ ಕಾವ್ಯದ ಅಧ್ಯಯನದಲ್ಲಿ ತೊಡಗಿರುವವರಿಗೆ ಇದರ ಗೊಡವೆ ಏಕೆಂದು ಓದುಗರು ಕೇಳಬಹುದು. ಕಾವ್ಯವೊಂದರ ಬಾಗಿಲಲ್ಲಿ ಏನನ್ನು ಇರಿಸಬೇಕು, ಏನನ್ನು ಒಳಗೆ ಕಾದಿರಿಸಬೇಕು ಎಂಬುದು ನಮ್ಮ ಪ್ರಾಚೀನ ಕವಿಗಳನ್ನೂ ಕಾಡಿದ ಪ್ರಶ್ನೆಯೇ ಆಗಿರುವುದರಿಂದ ಈ ಗೊಡವೆ ಅಸ್ಥಾನದ್ದೆಂದು ನಾವು ಭಾವಿಸಿಲ್ಲ.

ಇಂಥ ವಿದ್ಯಾರ್ಥಿ ಚಿತ್ರಗಳನ್ನು ನೋಡುವ ಅವಕಾಶ ನಮಗೆ ಆಗಾಗ ಒದಗಿದೆ. ಅವುಗಳ ಸಾಮ್ಯ ಬೆರಗು ಹುಟ್ಟಿಸುವಂಥದು. ಕತ್ತಲೆ, ಪಾಳುಮನೆ ಅಥವಾ ಕಾಡು, ಒಂಟಿ ಹುಡುಗಿ, ಕಿರುಗುಟ್ಟುವ ಬಾಗಿಲು, ಎಲ್ಲಿಂದಲೋ ಕೇಳುವ ಮಗುವಿನ ನಗು, ಹಿಂದಿನಿಂದ ಚಾಚುವ ಕೈ, ಚೀತ್ಕಾರ, ಕೊನೆಗೆ ಕಪ್ಪು ತೆರೆಯ ಮೇಲೆ ಕೆಂಪು ಅಕ್ಷರಗಳಲ್ಲಿ ಚಿತ್ರದ ಹೆಸರು. ಭಯಕ್ಕೆ ಬೇಕಾದುದೆಲ್ಲವೂ ಇಲ್ಲಿದೆ, ಭಯ ಮಾತ್ರ ಇಲ್ಲ. ಇದನ್ನು ವಿದ್ಯಾರ್ಥಿಗಳ ಅನುಭವದ ಕೊರತೆಯೆಂದು ತಳ್ಳಿಹಾಕುವುದು ಸುಲಭ. ಆದರೆ ದೋಷ ಅಭ್ಯಾಸದ ಸ್ವರೂಪದಲ್ಲಿಯೇ ಅಡಗಿದೆಯೆಂದು ನಮಗೆ ತೋರುತ್ತದೆ. ಮುಂದಿನ ಚಿತ್ರ ಎಂದಿಗೂ ಹುಟ್ಟುವುದಿಲ್ಲವಾದ್ದರಿಂದ ಈ ಆರಂಭ ಯಾವ ಸಾಲವನ್ನೂ ತೀರಿಸಬೇಕಾಗಿಲ್ಲ. ಸಾಲ ತೀರಿಸುವ ಹೊಣೆಯಿಲ್ಲದವನು ಅಂಗಡಿಯಲ್ಲಿ ಕಂಡುದನ್ನೆಲ್ಲ ಕೊಳ್ಳುವಂತೆ, ಎರಡು ನಿಮಿಷದೊಳಗೆ ಎಲ್ಲವನ್ನೂ ತುಂಬುವ ಆತುರ ಸಹಜವಾಗಿಯೇ ಬರುತ್ತದೆ.

ಸ್ವಾರಸ್ಯದ ಸಂಗತಿಯೆಂದರೆ, ಈ ಪಟ್ಟಿ ಹೊಸದಲ್ಲ. ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಭರತನು ಭಯಾನಕ ರಸದ ವಿಭಾವಗಳನ್ನು ಹೇಳುವಾಗ ವಿಕೃತವಾದ ಧ್ವನಿ, ಭೂತಾದಿ ಸತ್ತ್ವಗಳ ದರ್ಶನ, ನರಿ ಗೂಬೆಗಳಿಂದಾಗುವ ತಲ್ಲಣ, ಶೂನ್ಯಗೃಹಕ್ಕೂ ಅರಣ್ಯಕ್ಕೂ ಹೋಗುವುದು, ತನ್ನವರ ವಧೆಯನ್ನೋ ಸೆರೆಯನ್ನೋ ಕಾಣುವುದು ಅಥವಾ ಕೇಳುವುದು ಎಂದು ಎಣಿಸುತ್ತಾನೆ. ಈ ರಸಕ್ಕೆ ಆತ ಹೇಳುವ ಬಣ್ಣ ಕಪ್ಪು. ಅನುಭಾವಗಳೆಂದು ಕೈಕಾಲುಗಳ ನಡುಕ, ರೋಮಾಂಚ, ಮುಖ ಬಣ್ಣಗೆಡುವುದು, ದನಿ ಒಡೆಯುವುದು ಮುಂತಾದುವನ್ನು ಕೊಡುತ್ತಾನೆ. ಇಂದಿನ ವಿದ್ಯಾರ್ಥಿಯೊಬ್ಬ ಚಿತ್ರೀಕರಣಕ್ಕೆ ಹೊರಡುವ ಮುನ್ನ ಬರೆದುಕೊಂಡ ಟಿಪ್ಪಣಿಯೆಂದೇ ಇದನ್ನು ಓದಬಹುದು. ಆದರೆ ಭರತನ ಪಟ್ಟಿ ಅಡುಗೆಯ ಸಾಮಗ್ರಿಯ ಚೀಟಿಯಲ್ಲ. ವಿಭಾವ, ಅನುಭಾವ, ವ್ಯಭಿಚಾರಿಗಳ ಸಂಯೋಗವೆಂಬ ಮಾತಿನಲ್ಲಿ ಅವನ ಒತ್ತು ಸಂಯೋಗದ ಮೇಲಿದೆ. ಮಮ್ಮಟನು ಕಾವ್ಯಪ್ರಕಾಶದ ನಾಲ್ಕನೆಯ ಉಲ್ಲಾಸದಲ್ಲಿ ಇನ್ನೂ ಒಂದು ಹೆಜ್ಜೆ ಮುಂದಿಡುತ್ತಾನೆ. ಕೆಲವು ಪದ್ಯಗಳಲ್ಲಿ ವಿಭಾವ ಮಾತ್ರವೇ ಇರಬಹುದು, ಕೆಲವದರಲ್ಲಿ ಅನುಭಾವ ಮಾತ್ರವೇ ಇರಬಹುದು. ಹಾಗಿದ್ದಾಗ ಉಳಿದೆರಡನ್ನು ಸಹೃದಯನು ಆಕ್ಷೇಪದಿಂದ, ಎಂದರೆ ತಾನೇ ಊಹಿಸಿ, ಸೇರಿಸಿಕೊಳ್ಳುತ್ತಾನೆ ಎಂಬುದು ಅವನ ನಿಲುವು. ಭಯದ ಸಂದರ್ಭದಲ್ಲಿ ಈ ಮಾತು ಬರಿಯ ವಿನಾಯಿತಿಯಲ್ಲ, ಬಹುಮಟ್ಟಿಗೆ ಅದುವೇ ನಿಯಮ ಎಂದು ನಾವು ಹೇಳಬಯಸುತ್ತೇವೆ. ಕೊಡದೆ ಬಿಟ್ಟುದನ್ನು ನೋಡುವವನು ತುಂಬಿಕೊಳ್ಳುವ ಕ್ಷಣವೇ ಅಂಜಿಕೆಯ ಕ್ಷಣ. ಹೀಗಾಗಿ ಆರಂಭವನ್ನು ರಚಿಸುವವನ ಮೊದಲ ಆಯ್ಕೆ ಏನನ್ನು ತೋರಿಸಬೇಕು ಎಂಬುದಲ್ಲ, ವಿಭಾವ, ಅನುಭಾವ, ಆಶ್ರಯಗಳಲ್ಲಿ ಯಾವುದನ್ನು ತಡೆಹಿಡಿಯಬೇಕು ಎಂಬುದು.

ವಿದ್ಯಾರ್ಥಿ ದೆಸೆಯಲ್ಲಿಯೇ ಈ ಆಯ್ಕೆಯನ್ನು ಮಾಡಿದವರ ಉದಾಹರಣೆ ಇಲ್ಲದಿಲ್ಲ. ಪೋಲೆಂಡಿನ ಊಜ್ ನಗರದ ಚಲನಚಿತ್ರ ಶಾಲೆಯಲ್ಲಿ ಓದುತ್ತಿದ್ದಾಗ ರೋಮನ್ ಪೊಲಾನ್ಸ್ಕಿ 1957ರಲ್ಲಿ ‘ಕೊಲೆ’ ಎಂಬರ್ಥದ ಹೆಸರಿನ ಒಂದು ಕಿರುಚಿತ್ರವನ್ನು ತಯಾರಿಸಿದರು. ಅದರ ಅವಧಿ ಎರಡು ನಿಮಿಷಕ್ಕೂ ಮೀರದು. ಬಣ್ಣವಿಲ್ಲ, ಶಬ್ದವೂ ಇಲ್ಲ. ಬಾಗಿಲು ತೆರೆಯುತ್ತದೆ, ಒಬ್ಬನು ಒಳಬರುತ್ತಾನೆ, ಮಲಗಿದ್ದವನ ಎದೆಗೆ ಚಿಕ್ಕ ಚಾಕುವೊಂದನ್ನು ಇಳಿಸುತ್ತಾನೆ, ಹೊರಟುಹೋಗುತ್ತಾನೆ. ಕಥೆ ಇಷ್ಟೆ. ಕೊಂದವನು ಯಾರು, ಸತ್ತವನು ಯಾರು, ಇಬ್ಬರ ನಡುವೆ ಏನು ನಡೆದಿತ್ತು ಎಂಬ ಒಂದು ಸುಳಿವೂ ಇಲ್ಲ. ಇದನ್ನು ಒಂದು ಅಭ್ಯಾಸವೆಂದೂ, ಎಂದೂ ರಚನೆಯಾಗದ ಚಿತ್ರವೊಂದರ ಆರಂಭವೆಂದೂ ನೋಡಬಹುದು.

ಇದರಲ್ಲಿ ಅನುಭಾವಕ್ಕೆ ಎಡೆಯೇ ಇಲ್ಲವೆಂಬುದು ನಾವು ಗಮನಿಸಬೇಕಾದ ಅಂಶ. ನಿದ್ದೆಯಲ್ಲಿರುವವನು ಹೆದರಲಾರ, ಅವನ ಕೈಕಾಲು ನಡುಗವು, ದನಿ ಒಡೆಯದು. ಕೊಲ್ಲುವವನಲ್ಲಿಯೂ ಆವೇಗದ ಲಕ್ಷಣ ಕಾಣದು. ದಿನದ ಕೆಲಸವೊಂದನ್ನು ಮುಗಿಸಿದಂತೆ ಮುಗಿಸುತ್ತಾನೆ. ತೆರೆಯ ಮೇಲೆ ಯಾರೂ ಹೆದರದಿರುವಾಗ ಹೆದರುವ ಹೊರೆಯೆಲ್ಲ ನೋಡುವವನ ಮೇಲೆ ಬೀಳುತ್ತದೆ. ಆಯುಧದ ಗಾತ್ರವೂ ಇಲ್ಲಿ ವಿಚಾರಾರ್ಹ. ಪೆನ್ಸಿಲು ಹೆರೆಯುವುದಕ್ಕೋ ಹಣ್ಣು ಕೊಯ್ಯುವುದಕ್ಕೋ ಜೇಬಿನಲ್ಲಿರಿಸಿಕೊಳ್ಳುವಂಥ ಚಾಕು ಅದು. ಕೊಡಲಿಯನ್ನೋ ಮಚ್ಚನ್ನೋ ಹಿಡಿಸಿದ್ದರೆ ನಾವು ಅದನ್ನು ಕಥೆಯ ಲೋಕಕ್ಕೆ ಸೇರಿಸಿ ನಿರಾಳವಾಗುತ್ತಿದ್ದೆವು. ಶಬ್ದವಿಲ್ಲದಿರುವುದು ಅಂದಿನ ಆರಂಭಿಕ ಅಭ್ಯಾಸಗಳ ಮಿತಿಯೇ ಇದ್ದೀತು. ಆದರೆ ಸದ್ದಿಲ್ಲದೆ ನಡೆಯುವುದೇ ಇಲ್ಲಿಯ ಕೃತ್ಯದ ಸ್ವಭಾವವಾಗಿರುವುದರಿಂದ ಮಿತಿಯು ಗುಣವಾಗಿ ಪರಿಣಮಿಸಿದೆ. ಬಡತನವೇ ಒಳ್ಳೆಯ ಕಲೆಯ ತಾಯಿ ಎಂಬ ಸವಕಲು ಮಾತನ್ನು ನಾವು ಇಲ್ಲಿ ಹೇಳುತ್ತಿಲ್ಲ. ಅದೇ ಮಿತಿಯಲ್ಲಿ ಎಷ್ಟೋ ಜಡವಾದ ಅಭ್ಯಾಸಗಳೂ ಹುಟ್ಟಿರಬೇಕು. ಪೊಲಾನ್ಸ್ಕಿ ಮಿತಿಗೆ ಹೊಂದುವ ವಸ್ತುವನ್ನು ಆರಿಸಿಕೊಂಡರೆಂಬುದೇ ಮುಖ್ಯ. ಹನ್ನೊಂದು ವರ್ಷಗಳ ಬಳಿಕ, 1968ರ ‘ರೋಸ್‌ಮೇರೀಸ್ ಬೇಬಿ’ ಚಿತ್ರವನ್ನು ಅವರು ನ್ಯೂಯಾರ್ಕಿನ ಹಗಲಿನ ಮಾಳಿಗೆಗಳ ಮೇಲೆ ಹಾಯುವ ನೋಟದೊಂದಿಗೆ, ಜೋಗುಳದಂಥ ಹೆಣ್ಣುದನಿಯೊಂದಿಗೆ ಆರಂಭಿಸಿದರು. ಅಲ್ಲಿಯೂ ಆರಂಭದಲ್ಲಿ ಹೆದರುವವರು ಯಾರೂ ಇಲ್ಲ.

ವಿದ್ಯಾರ್ಥಿಗಳು ಪದೇ ಪದೇ ಅನುಕರಿಸುವ ಆರಂಭವೊಂದಿದೆ. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಚಲನಚಿತ್ರ ಕಲಿತ ಜಾನ್ ಕಾರ್ಪೆಂಟರ್ 1978ರಲ್ಲಿ ಅಲ್ಪ ವೆಚ್ಚದಲ್ಲಿ ತಯಾರಿಸಿದ ‘ಹ್ಯಾಲೋವೀನ್’ ಚಿತ್ರದ್ದು. ಒಂದೇ ಚಿತ್ರಿಕೆಯೆಂಬಂತೆ ಸುಮಾರು ನಾಲ್ಕು ನಿಮಿಷ ಸಾಗುವ ನೋಟ ಮನೆಯೊಂದನ್ನು ಹೊರಗಿನಿಂದ ಇಣುಕಿ, ಒಳಹೊಕ್ಕು, ಅಡುಗೆಮನೆಯಿಂದ ಚೂರಿ ತೆಗೆದುಕೊಂಡು ಮೆಟ್ಟಿಲೇರುತ್ತದೆ; ಮುಖವಾಡವನ್ನು ತೊಟ್ಟು, ಅದರ ಎರಡು ಕಣ್ಣುರಂಧ್ರಗಳ ಮೂಲಕ ಹುಡುಗಿಯೊಬ್ಬಳ ಕೊಲೆಯನ್ನು ಕಾಣುತ್ತದೆ. ಬಳಿಕ ಹೊರಗೆ ಬಂದಾಗ ಮುಖವಾಡವನ್ನು ಯಾರೋ ತೆಗೆಯುತ್ತಾರೆ. ಅಲ್ಲಿರುವುದು ಆರು ವರ್ಷದ ಹುಡುಗ. ಸತ್ತವಳು ಅವನ ಅಕ್ಕ. ವಿಭಾವವೂ ಅನುಭಾವವೂ ಇಲ್ಲಿ ಧಾರಾಳವಾಗಿವೆ, ತಡೆಹಿಡಿದಿರುವುದು ಆಶ್ರಯವನ್ನು. ಯಾರ ಕಣ್ಣಿನಿಂದ ನಾವು ನೋಡುತ್ತಿದ್ದೆವು ಎಂಬುದನ್ನು ಕೊನೆಯವರೆಗೆ ಹೇಳದೆ, ಹೇಳಿದಾಗ ಆ ಕಣ್ಣಿನಲ್ಲಿ ಇದುವರೆಗೆ ವಾಸವಾಗಿದ್ದುದಕ್ಕೆ ನಾವೇ ನಾಚುವಂತೆ ಮಾಡಲಾಗಿದೆ. ಅನುಕರಿಸುವ ವಿದ್ಯಾರ್ಥಿಗಳು ತೇಲುವ ನೋಟವನ್ನು ತೆಗೆದುಕೊಂಡು ಮುಖವಾಡ ಕಳಚುವ ಕ್ಷಣವನ್ನು ಬಿಟ್ಟುಬಿಡುತ್ತಾರೆ. ಅವರ ಚಿತ್ರದಲ್ಲಿ ಕಣ್ಣು ಯಾರದೋ ಕೊಲೆಗಾರನದು. ಆ ‘ಯಾರದೋ’ ಎಂಬಲ್ಲಿಯೇ ಆಸಕ್ತಿ ಸೋರಿಹೋಗುತ್ತದೆ.

ಪ್ರಾಸಂಗಿಕವಾಗಿ ಒಂದು ಮಾತು. ‘ಹ್ಯಾಲೋವೀನ್’ಗೆ ಒಂದು ವರ್ಷ ಮೊದಲು, ಪುಣೆಯ ಚಲನಚಿತ್ರ ಸಂಸ್ಥೆಯಿಂದ ಹೊರಬಂದ ಸ್ವಲ್ಪ ಕಾಲದಲ್ಲಿಯೇ ಗಿರೀಶ ಕಾಸರವಳ್ಳಿಯವರು ‘ಘಟಶ್ರಾದ್ಧ’ವನ್ನು (1977) ನಿರ್ದೇಶಿಸಿದರು. ಅದು ಭಯಾನಕ ಚಿತ್ರವೆಂದು ಯಾರೂ ಹೇಳರು. ಆದರೂ ಯಮುನಕ್ಕ ಇರುಳಲ್ಲಿ ಹಾವಿನ ಹುತ್ತಕ್ಕೆ ಕೈಯಿಕ್ಕುವುದನ್ನು ಬಾಲಕ ನಾಣಿ ಕಾಣುವ ಭಾಗ ಯಾವ ದೆವ್ವದ ಚಿತ್ರಕ್ಕೂ ಕಡಿಮೆಯದಲ್ಲ. ಅಲ್ಲಿಯೂ ಮಗುವಿನ ಕಣ್ಣೇ. ಕೊಲ್ಲುವ ಕಣ್ಣಲ್ಲ, ಅರ್ಥವಾಗದೆ ಸಾಕ್ಷಿಯಾಗುವ ಕಣ್ಣು. ಕನ್ನಡ ಸಂವೇದನೆಗೆ ಭಯಾನಕವು ಪರಕೀಯವೆಂದು ಆಗೊಮ್ಮೆ ಈಗೊಮ್ಮೆ ಕೇಳಿಬರುವ ಮಾತನ್ನು ನಾವು ಒಪ್ಪದಿರುವುದಕ್ಕೆ ಇದೂ ಒಂದು ಕಾರಣ.

ಅಮೆರಿಕನ್ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಓದುತ್ತಿದ್ದ ಡೇವಿಡ್ ಲಿಂಚ್ 1972ರಲ್ಲಿ ಚಿತ್ರೀಕರಣ ತೊಡಗಿ 1977ರಲ್ಲಿ ಹೊರತಂದ ‘ಇರೇಸರ್‌ಹೆಡ್’ ವಿಷಯದಲ್ಲಿ ನಮ್ಮ ಅಭಿಪ್ರಾಯ ಮಿಶ್ರವಾದುದು. ಆರಂಭದಲ್ಲಿ ನಾಯಕನ ತಲೆ ಅಡ್ಡಲಾಗಿ ಶೂನ್ಯದಲ್ಲಿ ತೇಲುತ್ತದೆ. ಅದರ ಮೇಲೆ ಒಂದು ಗ್ರಹದ ಬಿಂಬ. ಗ್ರಹದೊಳಗೆ ಕುಳಿತ ವಿಕಾರ ಚರ್ಮದ ಮನುಷ್ಯನೊಬ್ಬ ಯಂತ್ರದ ಹಿಡಿಗಳನ್ನು ಎಳೆಯುತ್ತಾನೆ. ನಾಯಕನ ಬಾಯಿಂದ ಹುಳುವಿನಂಥದೊಂದು ಹೊರಬರುತ್ತದೆ. ವಿಮರ್ಶಕರು ಈ ಬಿಂಬಗಳ ಅರ್ಥವನ್ನು ಕುರಿತು ಸಾಕಷ್ಟು ಬರೆದಿದ್ದಾರೆ. ಆದರೆ ನಮ್ಮನ್ನು ಕಲಕುವುದು ಬಿಂಬಗಳಲ್ಲ, ಅವುಗಳ ಕೆಳಗೆ ಎಡೆಬಿಡದೆ ಹರಿಯುವ ಮೊರೆತ. ಲಿಂಚ್ ಮತ್ತು ಧ್ವನಿ ಸಂಯೋಜಕ ಆಲನ್ ಸ್ಪ್ಲೆಟ್ ರೂಪಿಸಿದ ಆ ಸದ್ದು ಗಾಳಿಯದೋ ಕಾರ್ಖಾನೆಯದೋ ದೇಹದೊಳಗಿನದೋ ತಿಳಿಯದು. ಸಂಭಾಷಣೆ ಬರುವುದಕ್ಕೆ ಬಹಳ ಹೊತ್ತು ಹಿಡಿಯುತ್ತದೆ. ಅಷ್ಟರೊಳಗೆ ಕಿವಿ ಸೋತಿರುತ್ತದೆ. ಹಿಡಿಯೆಳೆಯುವ ಮನುಷ್ಯನಾದರೋ ಆರಂಭದ ಅತ್ಯಂತ ದುರ್ಬಲ ಭಾಗ. ಕಾರಣವಿಲ್ಲದ ಭಯಕ್ಕೆ ಅವನು ಒಬ್ಬ ಕಾರಣಪುರುಷನನ್ನು ಒದಗಿಸಿಬಿಡುತ್ತಾನೆ. ಭರತನು ವಿಕೃತ ರವವನ್ನು ವಿಭಾವಗಳಲ್ಲಿ ಮೊದಲು ಹೇಳಿ ಸತ್ತ್ವದರ್ಶನವನ್ನು ಅದರ ಹಿಂದೆ ಇರಿಸಿರುವುದು ಆಕಸ್ಮಿಕವೇ ಇರಬಹುದು. ಈ ಚಿತ್ರದ ಮಟ್ಟಿಗಂತೂ ಆ ಕ್ರಮ ಸರಿಯೆನಿಸುತ್ತದೆ.

1999ರಲ್ಲಿ ತೆರೆಕಂಡ ‘ದಿ ಬ್ಲೇರ್ ವಿಚ್ ಪ್ರಾಜೆಕ್ಟ್’ ವಿದ್ಯಾರ್ಥಿ ಚಿತ್ರವಲ್ಲ. ಆದರೆ ಫ್ಲಾರಿಡಾದ ವಿಶ್ವವಿದ್ಯಾಲಯವೊಂದರಲ್ಲಿ ಜೊತೆಯಾಗಿ ಓದಿದ ಡೇನಿಯಲ್ ಮಿರಿಕ್ ಮತ್ತು ಎಡ್ವಾರ್ಡೋ ಸ್ಯಾಂಚೆಸ್ ಅದನ್ನು ವಿದ್ಯಾರ್ಥಿ ಚಿತ್ರದ ವೇಷದಲ್ಲಿ ರಚಿಸಿದರು. ಅದರ ಆರಂಭ ಕಪ್ಪು ತೆರೆಯ ಮೇಲಿನ ಕೆಲವು ಸಾಲು ಬರಹ. 1994ರ ಅಕ್ಟೋಬರಿನಲ್ಲಿ ಮೇರಿಲ್ಯಾಂಡಿನ ಕಾಡಿನಲ್ಲಿ ಮೂವರು ವಿದ್ಯಾರ್ಥಿಗಳು ಸಾಕ್ಷ್ಯಚಿತ್ರ ತೆಗೆಯುತ್ತಿದ್ದಾಗ ಕಾಣೆಯಾದರು, ಒಂದು ವರ್ಷದ ಮೇಲೆ ಅವರು ಚಿತ್ರಿಸಿದ್ದು ಸಿಕ್ಕಿತು ಎಂಬುದು ಅದರ ಸಾರಾಂಶ. ಇದು ಕಲ್ಪಿತ ಸಂಗತಿಯೆಂಬುದು ಈಗ ಎಲ್ಲರಿಗೂ ಗೊತ್ತು. ಅದರ ಬೆನ್ನಿಗೇ ಬರುವುದು ಹುಡುಗಿಯೊಬ್ಬಳ ಮಸುಕಾದ ಮುಖ. ಕ್ಯಾಮೆರಾ ಇನ್ನೂ ಸರಿಹೊಂದಿಲ್ಲ. ಬಳಿಕ ಬಹಳ ಹೊತ್ತು ಮಾತು, ನಗು, ತಮಾಷೆ. ಕೊನೆಯನ್ನು ಮೊದಲೇ ಹೇಳಿ ಮುಗಿಸಿರುವುದರಿಂದ ಈ ನಗುವೇ ಭಯದ ಸಾಮಗ್ರಿಯಾಗುತ್ತದೆ. ಚಿತ್ರ ಮುಗಿದರೂ ಮಾಟಗಾತಿ ಕಾಣಿಸಿಕೊಳ್ಳುವುದಿಲ್ಲ. ಪೊಲಾನ್ಸ್ಕಿಯವರ ಅಭ್ಯಾಸಕ್ಕೆ ಇದು ಸರಿಯಾಗಿ ತಿರುಗುಮುರುಗು: ಅಲ್ಲಿ ವಿಭಾವವುಂಟು, ಅನುಭಾವವಿಲ್ಲ, ಇಲ್ಲಿ ಏದುಸಿರು, ಕಣ್ಣೀರು, ನಡುಗುವ ದನಿ ಎಲ್ಲವೂ ಉಂಟು, ಆಲಂಬನ ಮಾತ್ರ ಇಲ್ಲ. ಇದೇ ಕ್ರಮವನ್ನು ಕನ್ನಡಕ್ಕೆ ತಂದ ‘6-5=2’ (2013) ಚಿತ್ರದಲ್ಲಿ ಚಾರಣಕ್ಕೆ ಹೋದ ಗೆಳೆಯರ ಕ್ಯಾಮೆರಾದಲ್ಲಿ ಉಳಿದ ದೃಶ್ಯಗಳೆಂಬ ನೆಪವಿದೆ. ಪಶ್ಚಿಮಘಟ್ಟದ ಕಾಡು ಈ ನೆಪಕ್ಕೆ ಚೆನ್ನಾಗಿಯೇ ಒದಗಿಬಂದಿದೆ. ಆದರೆ ಒಬ್ಬರು ಕಂಡುಹಿಡಿದ ಮೌನವನ್ನು ಮತ್ತೊಬ್ಬರು ಎರವಲು ಪಡೆದಾಗ ಅದು ಅರ್ಧ ಬೆಲೆ ಕಳೆದುಕೊಂಡಿರುತ್ತದೆ.

ಇನ್ನು ನಮ್ಮ ಕಾವ್ಯಕ್ಕೆ ಬರೋಣ. ಹೊಯ್ಸಳ ವೀರಬಲ್ಲಾಳನ ಆಸ್ಥಾನದಲ್ಲಿದ್ದ ಜನ್ನ ಕವಿಯು 1209ರಲ್ಲಿ ರಚಿಸಿದ ಯಶೋಧರ ಚರಿತೆಯ ಕಥಾರಂಭವನ್ನು ಅಹಿಂಸಾತತ್ತ್ವದ ಪೀಠಿಕೆಯೆಂದು ಬೋಧಿಸುವುದು ರೂಢಿ. ಜೈನಧರ್ಮದ ಆಶಯವನ್ನು ಒಂದು ಕ್ಷಣ ಬದಿಗಿರಿಸಿ ಭಯಾನಕದ ಆರಂಭವೆಂದು ಓದಿದರೆ ಕವಿಯ ಆಯ್ಕೆಗಳು ಬೇರೆ ಬೆಳಕಿನಲ್ಲಿ ಕಾಣುತ್ತವೆ. ರಾಜಪುರದ ಅರಸ ಮಾರಿದತ್ತ. ಊರ ದೇವತೆ ಚಂಡಮಾರಿ. ವಸಂತದಲ್ಲಿ ಅವಳ ಜಾತ್ರೆ. ವಸಂತವರ್ಣನೆ ಬಂದೊಡನೆ ಓದುಗನು ಶೃಂಗಾರವನ್ನು ನಿರೀಕ್ಷಿಸುತ್ತಾನೆ. ಜನ್ನನು ಆ ನಿರೀಕ್ಷೆಯನ್ನೇ ಹಿಡಿದು ತಿರುಚುತ್ತಾನೆ: ಚಿಗುರು ಹೂಗಳ ವರ್ಣನೆಯೊಳಕ್ಕೆ ಹರಕೆ ಬಲಿಗಳ ಬಿಂಬಗಳು ಹರಿದುಬರುತ್ತವೆ, ಋತುವೇ ಮಾರಿಯ ಒಕ್ಕಲಾದಂತೆ ತೋರುತ್ತದೆ. ಆಮೇಲೆ ಗುಡಿ, ಅದರ ಬೀಭತ್ಸ. ತಳಾರ ಚಂಡಕರ್ಮನು ಬಲಿಗೆಂದು ಹಿಡಿದು ತರುವುದು ಎಳೆವಯಸ್ಸಿನ ಅಣ್ಣತಂಗಿಯರನ್ನು.

ಇಲ್ಲಿಯವರೆಗೆ ವಿಭಾವಗಳನ್ನು ಕವಿ ಒಟ್ಟಿದ್ದಾನೆ. ಪಟ್ಟಿಯಲ್ಲಿ ಯಾವುದೂ ಬಿಟ್ಟುಹೋಗಿಲ್ಲವೆನ್ನಬಹುದು. ನಾವು ಮೇಲೆ ದೂರಿದ ವಿದ್ಯಾರ್ಥಿ ಚಿತ್ರಗಳಿಗೂ ಇದಕ್ಕೂ ಏನು ಅಂತರ? ಅಂತರವಿರುವುದು ಆ ಇಬ್ಬರು ಮಕ್ಕಳಲ್ಲಿ. ಅವರು ಹೆದರುವುದಿಲ್ಲ. ದಾರಿಯಲ್ಲಿ ಅಣ್ಣ ತಂಗಿಗೆ ಧೈರ್ಯ ಹೇಳುತ್ತಾನೆ. ಅವಳಿಗೆ ಅದರ ಅಗತ್ಯವೇ ಇಲ್ಲವೆಂಬಂತೆ ಅವಳ ಉತ್ತರವಿದೆ. ಒಬ್ಬನ ಹೆಸರು ಅಭಯರುಚಿ, ಇನ್ನೊಬ್ಬಳದು ಅಭಯಮತಿ. ಕಥೆ ಪರಂಪರೆಯಿಂದ ಬಂದುದು, ಹೆಸರುಗಳೂ ಪರಂಪರೆಯವೇ, ನಿಜ. ಆದರೆ ಕೊಲ್ಲಿಸುವವನ ಹೆಸರಿನಲ್ಲಿ ಮಾರಿಯೂ ಕೊಲೆಗೆ ಗುರಿಯಾದವರ ಹೆಸರಿನಲ್ಲಿ ಅಭಯವೂ ಇರುವ ಈ ಸನ್ನಿವೇಶದ ಒತ್ತಡವನ್ನು ಜನ್ನನಷ್ಟು ದುಡಿಸಿಕೊಂಡವರು ವಿರಳ. ಅಷ್ಟೊಂದು ವಿಭಾವಗಳ ನಡುವೆ ಅನುಭಾವವೇ ಇಲ್ಲದ ಎರಡು ಮುಖಗಳು. ನೆರೆದವರು ಅರಸನನ್ನು ಹರಸಿರೆಂದಾಗ ಮಕ್ಕಳ ಬಾಯಿಂದ ಬರುವುದು ಧರ್ಮದಿಂದ ನೆಲವನ್ನಾಳೆಂಬ ಹರಕೆ. ಕಂಗೆಡುವ ಸರದಿ ಅರಸನದಾಗುತ್ತದೆ. ಇವರು ಯಾರು, ಏಕೆ ಹೆದರುತ್ತಿಲ್ಲ ಎಂಬ ಅವನ ಪ್ರಶ್ನೆಯೇ ಇಡೀ ಕಾವ್ಯದ ಬಾಗಿಲು. ಉಳಿದ ಕಥೆಯೆಲ್ಲ ಅದಕ್ಕೆ ಉತ್ತರ. ಕೊನೆಗೆ ಕಾವ್ಯ ಅದೇ ಗುಡಿಗೆ ಹಿಂದಿರುಗುತ್ತದೆ. ಆರಂಭವು ಮಾಡಿದ ಸಾಲವನ್ನು ಪೂರ್ತಿಯಾಗಿ ತೀರಿಸುವ ಇಂಥ ಕಟ್ಟಡ ನಮ್ಮ ಮಧ್ಯಕಾಲೀನ ಕಾವ್ಯಗಳಲ್ಲಿ ಹೆಚ್ಚಾಗಿಲ್ಲ.

ಪ್ರಶ್ನೆ ಈಗ ಮೌಲ್ಯಮಾಪನದ್ದು. ವಿದ್ಯಾರ್ಥಿ ಚಿತ್ರಗಳಿಗೆ ಅಂಕ ಕೊಡುವ ನಮೂನೆಗಳಲ್ಲಿ ಬೆಳಕು, ಶಬ್ದ, ಸಂಕಲನ, ಪ್ರಕಾರದ ಲಕ್ಷಣಗಳ ಪಾಲನೆ ಎಂದು ಕಲಂಗಳಿರುತ್ತವೆ. ಏನನ್ನು ಬಿಡಲಾಗಿದೆ ಎಂಬುದಕ್ಕೆ ಕಲಂ ಇರುವುದಿಲ್ಲ. ಊಜ್ ಶಾಲೆಯ ಆ ಕಿರುಚಿತ್ರವನ್ನು ಇಂಥ ನಮೂನೆಯಲ್ಲಿ ಅಳೆದರೆ ಶಬ್ದಕ್ಕೆ ಸೊನ್ನೆ ಬರಬೇಕು. ಪ್ರಕಾರದ ಲಕ್ಷಣಗಳಿಗೆ ಪೂರ್ಣಾಂಕ ಪಡೆಯುವ ಚಿತ್ರವು ನೋಡುಗನ ಪಾಲಿಗೆ ಏನನ್ನೂ ಉಳಿಸಿರುವುದಿಲ್ಲ. ಪರೀಕ್ಷಕರು ಮಮ್ಮಟನನ್ನು ಓದಬೇಕೆಂದು ನಾವು ಹಟ ಹಿಡಿಯುವುದಿಲ್ಲ. ಆದರೆ ಕನ್ನಡ ಮತ್ತು ಸಂಸ್ಕೃತದ ಕಾವ್ಯಮೀಮಾಂಸೆಯನ್ನು ಬಲ್ಲವರು ಹೊರನಾಡಿನ ವಿಶ್ವವಿದ್ಯಾಲಯಗಳಲ್ಲಿ ಚಲನಚಿತ್ರ ವಿಭಾಗಗಳ ನೆರೆಯಲ್ಲಿಯೇ ಇದ್ದೂ, ರಸವಿಚಾರವನ್ನು ಉತ್ಸವದ ಭಾಷಣಕ್ಕೆ ಮೀಸಲಿಟ್ಟಿರುವುದು ವಿಷಾದನೀಯ. ಸಂಕಲನದ ಮೇಜಿನ ಬಳಿ ಕುಳಿತ ಹುಡುಗನಿಗೆ, ಈ ಚೀತ್ಕಾರವನ್ನು ತೆಗೆದರೆ ಯಾರು ಚೀರುತ್ತಾರೆ ಎಂದು ಕೇಳುವಷ್ಟು ಪ್ರಾಯೋಗಿಕವಾದ ಶಾಸ್ತ್ರವದು.

ಚೀತ್ಕಾರದ ಮಾತು ಬಂದುದರಿಂದ ಜನ್ನನ ಇನ್ನೊಂದು ಆಯ್ಕೆಯನ್ನು ಹೇಳಬೇಕು. ಗುಡಿಯ ಆರಂಭ ಬಹುಮಟ್ಟಿಗೆ ಕಣ್ಣಿಗೆ ಸೇರಿದ್ದು. ಕಾವ್ಯದ ಅತಿ ಭೀಕರವಾದ ಸದ್ದನ್ನು ಕವಿ ಬಾಗಿಲಲ್ಲಿ ಖರ್ಚುಮಾಡಿಲ್ಲ, ಒಳಗೆ ಕಾದಿರಿಸಿದ್ದಾನೆ. ಜೀವವಧೆಯನ್ನು ಒಲ್ಲದ ಯಶೋಧರನು ತಾಯಿಯ ಬಲವಂತಕ್ಕೆ ಮಣಿದು, ಹಿಟ್ಟಿನ ಕೋಳಿಯನ್ನು ಬಲಿ ಕೊಡಲು ಒಪ್ಪುತ್ತಾನೆ. ಹಿಟ್ಟೇ ತಾನೆ, ದೋಷವೇನು ಎಂದು ಓದುಗನೂ ಅವನೊಡನೆ ಸಮಾಧಾನಪಟ್ಟಿರುತ್ತಾನೆ. ಕತ್ತಿ ಬಿದ್ದೊಡನೆ ಕೋಳಿ ಕೂಗುತ್ತದೆ. ಅದರೊಳಗೆ ಬೆಂತರವೊಂದು ಹೊಕ್ಕಿತ್ತೆಂದು ಕವಿ ಹೇಳುತ್ತಾನಾದರೂ ಅಷ್ಟರಲ್ಲಿ ಆ ವಿವರಣೆಯಿಂದ ಆಗುವ ಉಪಕಾರ ಏನೂ ಉಳಿದಿರುವುದಿಲ್ಲ.